ಸ್ಪ್ಯಾನಿಷ್ ಕಲಿಯುವವರಿಗೆ: ಆ ಪುಟ್ಟ ಗೀಟಿನ ವಿಷಯ

ತು, ಎಲ್, ಸಿ, ತೆ. ಈ ಪುಟ್ಟ ಪದಗಳ ಸ್ವರದ ಮೇಲೆ ಓರೆ ಗೀಟು ಬಂದರೆ ಅರ್ಥವೇ ಬೇರೆ. ಸುಮ್ನೆ ಪಟ್ಟಿ ಬಾಯಿಪಾಠ ಮಾಡಬೇಡಿ. ಬರೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪದ ಒಂದೇ ನಿಂತು ಉತ್ತರವಾಗುತ್ತದಾ?

"ಯಾರು?" ಅಂದರೆ "ನೀನು", "ಅವನು" ಅನ್ನಬಹುದು. ಹಾಗಾಗಿ ಆ ತು, ಎಲ್‌ಗೆ ಗೀಟು ಬೇಕು. "ನಿನ್ನ" ಎಂಬ ತು ಹಾಗಲ್ಲ, ಅದರ ನಂತರ ನಾಮಪದ ಬರಲೇಬೇಕು: ತು ಕಾಸಾ, ನಿನ್ನ ಮನೆ. ಎಲ್ ಲಿಬ್ರೋ, ಅಂದರೆ ಪುಸ್ತಕ, ಇದರಲ್ಲಿರುವ ಎಲ್ ಕೂಡ ಅಷ್ಟೇ. "ಹೌದು" ಎಂಬ ಸಿಗೆ ಗೀಟು, "ಒಂದು ವೇಳೆ" ಎಂಬುದಕ್ಕೆ ಇಲ್ಲ. ಕುಡಿಯುವ ತೆ, ಅಂದರೆ ಟೀಗೂ ಗೀಟು. "ನಿನಗೆ, ನಿನ್ನನ್ನು" ಎಂಬ ತೆಗೆ ಬೇಡ.

ಜಾಸ್ತಿ ಜನ ಎಡವುವುದು "ತಿ" ಹತ್ತಿರ. ಪಾರಾ ಮಿ, "ನನಗಾಗಿ", ಇಲ್ಲಿ ಮಿಗೆ ಗೀಟಿದೆ, "ನನ್ನ" ಎಂಬ ಮಿಗೆ ಇಲ್ಲ. ಪಾರಾ ತಿ, "ನಿನಗಾಗಿ", ಬರೆಯುವಾಗ ಕೈ ತಾನಾಗಿಯೇ ಗೀಟು ಎಳೆಯುತ್ತದೆ! ತಿಗೆ ಎಂದಿಗೂ ಗೀಟಿಲ್ಲ, ಗೊಂದಲ ಮಾಡಲು ಅದಕ್ಕೆ ಜೋಡಿಯೇ ಇಲ್ಲವಲ್ಲ.

"ಸೋಲೋ", ಅಂದರೆ "ಮಾತ್ರ" ಅಥವಾ "ಒಂಟಿ", ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2010ರಿಂದ ಸ್ಪೇನ್‌ನ ಭಾಷಾ ಸಂಸ್ಥೆಯಾದ ರಾಯಲ್ ಅಕಾಡೆಮಿಯ ನಿಯಮದ ಪ್ರಕಾರ ಗೀಟಿಲ್ಲದೆ ಬರೆದರೆ ಸರಿಯೇ.

ಫೋನಿನಲ್ಲಿ ಸ್ವರದ ಅಕ್ಷರವನ್ನು ಒತ್ತಿ ಹಿಡಿದರೆ ಗೀಟಿನ ಅಕ್ಷರ ಸಿಗುತ್ತದೆ.