ದತ್ತು ಕೊಟ್ಟ ಪೆಟ್ಟಿಗೆ ಖಾಲಿಯಾದಾಗ

ಜೇನು ಪೆಟ್ಟಿಗೆ ದತ್ತು ಕೊಡುವ ಯೋಚನೆ ನನ್ನದಲ್ಲ. ಅದು ಒಬ್ಬ ಅಕ್ಕನದು. ಅವರ ಮನೆಯ ಹಳೆ ಮೀಟರ್ ಬಾಕ್ಸಿನೊಳಗೆ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕಬಹುದಾದ ಜಾತಿ) ಸೇರಿಕೊಂಡಿತ್ತು. ಔಷಧಿ ಹೊಡೆಸಲು ಅವರಿಗೆ ಮನಸ್ಸಿಲ್ಲ, ಹಾಗೇ ಬಿಡಲು ಮನೆಯವರು ಒಪ್ಪುತ್ತಿಲ್ಲ. ನಾನು ಹೋಗಿ ಬಿಡಿಸಿದೆ. ಹೊರಡುವಾಗ ಅವರು ಕೇಳಿದರು: "ಇವು ನಮ್ಮನೆ ಜೇನು ತಾನೆ? ಇವುಗಳ ಖರ್ಚು ನಾನು ಕೊಡ್ತೀನಿ. ಹೇಗಿವೆ ಅಂತ ಆಗಾಗ ಹೇಳಿದ್ರೆ ಸಾಕು."

ಅಲ್ಲಿಯವರೆಗೆ ಬಿಡಿಸಿ ತಂದ ಜೇನನ್ನು ಕೈಯಿಂದ ಹಾಕಿಯೇ ಸಾಕುತ್ತಿದ್ದೆ. ಬಿಡಿಸುವುದು ಅರ್ಧ ದಿನದ ಕೆಲಸ. ಉಳಿಸಿಕೊಳ್ಳುವುದು ವರ್ಷದ ಕೆಲಸ. ಕೂಡಿಟ್ಟ ತುಪ್ಪ, ಕಟ್ಟಿದ ಎರಿ (ಮೇಣದ ಗೂಡು) ಎರಡನ್ನೂ ಕಳೆದುಕೊಂಡು ಬಂದ ಜೇನು ಕುಟುಂಬ ಅದು. ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಕೊಡದಿದ್ದರೆ ನಿಲ್ಲುವುದಿಲ್ಲ.

ಆ ಮೀಟರ್ ಬಾಕ್ಸಿನ ಕೆಲಸ ಹೇಗೆ ನಡೆಯಿತು ಅಂತ ಸ್ವಲ್ಪ ಹೇಳುತ್ತೇನೆ. ಮುಂದಿನ ಕಥೆಗೆ ಅದು ಬೇಕು. ಎರಡು ಮೂರು ಸಲ ಮೆಲ್ಲಗೆ ಹೊಗೆ ಬಿಟ್ಟೆ. ಹೊಗೆ ಜಾಸ್ತಿಯಾದರೆ ರಾಣಿ ಗಾಬರಿಯಾಗಿ ಮೂಲೆ ಸೇರುತ್ತದೆ, ಆಮೇಲೆ ಹುಡುಕಿ ಸಾಕಾಗುತ್ತದೆ. ಎರಿಗಳನ್ನು ಒಂದೊಂದಾಗಿ ಬುಡದಲ್ಲಿ ಕತ್ತರಿಸಿದೆ. ಮೊಟ್ಟೆ, ಮರಿ ಇದ್ದ ಎರಿಗಳನ್ನು ಮಾತ್ರ ಚೌಕಟ್ಟಿಗೆ ಕೂರಿಸಿ ಹತ್ತಿ ದಾರದಿಂದ ಕಟ್ಟಿದೆ. ಎರಿಯ ಮೇಲ್ಭಾಗ ಮೇಲೇ ಇರಬೇಕು, ತಲೆಕೆಳಗಾಗಬಾರದು. ಹುಳುಗಳು ಕೆಲವೇ ದಿನದಲ್ಲಿ ಎರಿಯನ್ನು ಮೇಣದಿಂದ ಅಂಟಿಸಿಕೊಂಡು ದಾರವನ್ನು ಕಡಿದು ಹೊರಗೆ ಎಸೆಯುತ್ತವೆ. ತುಪ್ಪ ತುಂಬಿದ ಎರಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಸೋರಿದರೆ ಇರುವೆ ಬರುತ್ತದೆ, ಬೇರೆ ಗೂಡಿನ ಜೇನು ಕದಿಯಲು ಬರುತ್ತದೆ. ಅದನ್ನು ಹಿಂಡಿಟ್ಟು ಅವಕ್ಕೇ ವಾಪಸ್ ತಿನ್ನಿಸಿದೆ.

ರಾಣಿ ಸಿಕ್ಕಿದ್ದು ಕೊನೆಯ ಎರಿಯ ಹಿಂದೆ. ಪೆಟ್ಟಿಗೆಗೆ ಬಿಟ್ಟು ಸ್ವಲ್ಪ ಹೊತ್ತಾಗಿರಬೇಕು, ಬಾಗಿಲಲ್ಲಿ ಹತ್ತಿಪ್ಪತ್ತು ಹುಳು ಹೊಟ್ಟೆ ಮೇಲೆತ್ತಿ ರೆಕ್ಕೆ ಬೀಸಲು ಶುರು ಮಾಡಿದವು. 'ಇಲ್ಲಿದ್ದೇವೆ, ಬನ್ನಿ' ಅಂತ ವಾಸನೆ ಹರಡುವ ರೀತಿ ಅದು. ಅದನ್ನು ನೋಡಿದ ಮೇಲೆ ನನಗೆ ಉಸಿರು ಬಂತು. ಕತ್ತಲಾಗುವವರೆಗೂ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಹೊರಗೆ ಹೋದವೆಲ್ಲ ಬಂದ ಮೇಲೆ ಬಾಗಿಲು ಮುಚ್ಚಿ ತಂದೆ. ಹತ್ತಿರದಲ್ಲೇ ಇಟ್ಟರೆ ಮಾರನೇ ದಿನ ಮತ್ತೆ ಮೀಟರ್ ಬಾಕ್ಸಿಗೇ ಹೋಗುತ್ತವೆ. ಅದಕ್ಕೇ ಮೂರು ಕಿಲೋಮೀಟರ್‌ಗಿಂತ ದೂರ ಒಯ್ದೆ.

ಅಕ್ಕನ ಹೆಸರನ್ನು ಪೆಟ್ಟಿಗೆ ಮೇಲೆ ಬರೆದೆ. ಅದರ ಫೋಟೋ ಅವರು ನಾಲ್ಕು ಜನಕ್ಕೆ ತೋರಿಸಿದರು. ಹಾಗೇ ಮತ್ತೆ ಕೆಲವರು ಬಂದರು.

ಮೊದಮೊದಲು ನಾನು ಎರಡು ದಡ್ಡ ಕೆಲಸ ಮಾಡಿದೆ. ದತ್ತು ತಗೊಂಡವರಿಗೆ ವರ್ಷಕ್ಕೊಂದು ಬಾಟಲಿ ತುಪ್ಪ ಅಂತ ಮಾತು ಕೊಟ್ಟೆ. ಬಿಡಿಸಿ ತಂದ ಕುಟುಂಬಕ್ಕೆ ಮೊದಲ ವರ್ಷ ತನ್ನ ಹೊಟ್ಟೆಗೇ ಸಾಲದು, ಬಾಟಲಿ ಎಲ್ಲಿಂದ ತುಂಬಬೇಕು? ಮಾತು ಉಳಿಸಿಕೊಳ್ಳಲು ಒಂದು ಬಡಕಲು ಪೆಟ್ಟಿಗೆಯಿಂದ ತುಪ್ಪ ತೆಗೆದು, ಮರುವಾರದಿಂದ ಅದಕ್ಕೇ ಸಕ್ಕರೆ ಪಾಕ ಕೊಟ್ಟೆ. ಯಾರಿಗೆ ಉಪಕಾರ ಮಾಡಿದ ಹಾಗಾಯಿತು ಹೇಳಿ. ಈಗ ಮೊದಲೇ ಹೇಳಿಬಿಡುತ್ತೇನೆ: ತುಪ್ಪ ಇಲ್ಲ.

ಇನ್ನೊಂದು, ತಿಂಗಳಿಗೊಂದು ಒಳಗಿನ ಫೋಟೋ. ಮರಿಗಳಿರುವ ಜಾಗವನ್ನು ಜೇನು 34-35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಮಳೆ ಗಾಳಿಯಲ್ಲಿ ಬರೀ ಫೋಟೋಗೋಸ್ಕರ ಮುಚ್ಚಳ ತೆಗೆದರೆ ಆ ಬಿಸಿ ಮತ್ತೆ ಕೂಡಿಸಲು ಅವು ತುಪ್ಪ ಉರಿಸಬೇಕು. ತುಡುವೆಯಂತೂ ಪದೇಪದೇ ಕೆದಕಿದರೆ ಪೆಟ್ಟಿಗೆ ಬಿಟ್ಟೇ ಹೋಗುತ್ತದೆ. ಈಗ ನನ್ನ ಕೆಲಸಕ್ಕೆ ತೆರೆದಾಗ ಮಾತ್ರ ಒಳಗಿನ ಫೋಟೋ. ಉಳಿದಂತೆ ಬಾಗಿಲಿನ ಅರ್ಧ ನಿಮಿಷದ ವಿಡಿಯೋ. ನೋಡಿ ತಿಳಿಯಬಲ್ಲವರಿಗೆ ಅದೂ ಸುಮಾರು ಹೇಳುತ್ತದೆ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತಿವೆ ಅಂದರೆ ಒಳಗೆ ಮರಿ ಬೆಳೆಯುತ್ತಿರಬಹುದು ಅಂತ ಲೆಕ್ಕ.

ಇವೆರಡೂ ದಡ್ಡತನ. ಮೂರನೆಯದು ಹಾಗಲ್ಲ, ಸುಳ್ಳು.

ಹೂವಿಲ್ಲದ ಕಾಲ. ಬೇರೆ ಕೆಲಸದ ಗಡಿಬಿಡಿಯಲ್ಲಿ ಮೂರು ವಾರ ಅಕ್ಕನ ಪೆಟ್ಟಿಗೆ ಕಡೆ ಹೋಗಿರಲಿಲ್ಲ. ಹೋದಾಗ ಬಾಗಿಲಲ್ಲಿ ಓಡಾಟವೇ ಇಲ್ಲ. ಮುಚ್ಚಳ ತೆಗೆದರೆ ಒಂದೂ ಹುಳು ಇಲ್ಲ. ಸತ್ತ ಹುಳುಗಳ ರಾಶಿಯೂ ಇಲ್ಲ, ಮರಿಯೂ ಇಲ್ಲ. ಗುಡಿಸಿಟ್ಟ ಹಾಗೆ ಖಾಲಿ. ಕೊನೆಯ ಎರಿಯ ಮೂಲೆಯಲ್ಲಿ ಮೇಣದ ಪತಂಗದ ಹುಳ ಬಲೆ ನೇಯಲು ಶುರು ಮಾಡಿತ್ತು. ಆಹಾರ ಸಾಲದೆ ತುಡುವೆ ಹಾರಿಹೋಗುವುದು ಹೀಗೇ. ಮೊದಲು ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಇದ್ದ ಮರಿ ಹೊರಬರುವವರೆಗೆ ಕಾಯುತ್ತವೆ, ಇದ್ದಷ್ಟು ತುಪ್ಪ ಹೊಟ್ಟೆಗೆ ತುಂಬಿಕೊಂಡು ಹೊರಡುತ್ತವೆ. ನಡುವೆ ಒಂದು ಸಲ ತೆರೆದು ನೋಡಿದ್ದರೂ ಮೊಟ್ಟೆ ಇಲ್ಲದ್ದು ಕಾಣುತ್ತಿತ್ತು. ಪಾಕ ಕೊಟ್ಟಿದ್ದರೆ ಬಹುಶಃ ನಿಲ್ಲುತ್ತಿದ್ದವು.

ಹೇಳಲು ಮುಖ ಇರಲಿಲ್ಲ. ಅದೇ ವಾರ ಇನ್ನೊಂದು ಕಡೆ ಕೊಂಬೆಗೆ ಜೋತುಬಿದ್ದ ಹಿಂಡು ಸಿಕ್ಕಿತ್ತು. ಹಳೆ ಎರಿ ತೆಗೆದು, ಆ ಹಿಂಡನ್ನು ಅಕ್ಕನ ಪೆಟ್ಟಿಗೆಗೆ ತುಂಬಿದೆ. ಹೊಸ ಎರಿ ಕಟ್ಟಿದ ಮೇಲೆ ಫೋಟೋ ಕಳಿಸಿ 'ಚೆನ್ನಾಗಿವೆ' ಅಂತ ಬರೆದೆ.

ಅವರ ಫೋನ್ ಬಂತು. "ಕಳೆದ ಸಲ ಎರಿ ಮೇಲೆ ಒಂದು ಗೆರೆ ಇತ್ತಲ್ವಾ? ಮೇಲೆ ಕಪ್ಪು, ಕೆಳಗೆ ಬಿಳಿ. ಈ ಸಲ ಪೂರ್ತಿ ಬಿಳಿ ಇದೆ."

ಮರಿ ಬೆಳೆದ ಹಳೆ ಎರಿ ಕಪ್ಪಗಾಗುತ್ತದೆ. ಅದರ ಅಂಚಿಗೆ ಹುಳುಗಳು ಕಟ್ಟಿದ ಹೊಸ ಮೇಣ ಬಿಳಿ ಇರುತ್ತದೆ. ನಾನೇ ಅವರಿಗೆ ಅದನ್ನು ವಿವರಿಸಿ ಹೇಳಿದ್ದೆ! ನಿಜ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಸತ್ತರೂ ಹೇಳಿ, ಹಾರಿಹೋದರೂ ಹೇಳಿ. ಸುಳ್ಳು ಫೋಟೋಗೆ ನಾನು ದುಡ್ಡು ಕೊಡ್ತಿಲ್ಲ" ಅಂದರು ಅಷ್ಟೆ. ಬೈದಿದ್ದರೆ ವಾಸಿ ಇತ್ತು.

ಅಂದಿನಿಂದ ಪೆಟ್ಟಿಗೆ ಖಾಲಿಯಾದ ದಿನವೇ ಖಾಲಿ ಪೆಟ್ಟಿಗೆಯ ಫೋಟೋ ಹೋಗುತ್ತದೆ. ನನ್ನ ತಪ್ಪಿದ್ದರೆ ಅದೂ ಹೋಗುತ್ತದೆ. ಹಾಗೆ ಬರೆದ ಮೇಲೆ ಇಬ್ಬರು ದತ್ತು ಬಿಟ್ಟರು. ಬಿಡುತ್ತಾರೆ, ಅವರ ಇಷ್ಟ. ಜೊತೆಗೆ ಕರಾರನ್ನೂ ಬದಲಾಯಿಸಿದೆ. ಈಗ ದತ್ತು ಕೊಡುವುದು ಕುಟುಂಬವನ್ನಲ್ಲ, ಪೆಟ್ಟಿಗೆಯನ್ನು, ಒಂದು ವರ್ಷಕ್ಕೆ. ಕುಟುಂಬ ಹೋದರೆ ಅದೇ ಪೆಟ್ಟಿಗೆಗೆ ಮುಂದೆ ಬಿಡಿಸಿ ತಂದ ಕುಟುಂಬ ಬರುತ್ತದೆ, ಇದು ಹೊಸದು ಅಂತ ಹೇಳಿಯೇ. ದುಡ್ಡು ಹೋಗುವುದು ಪೆಟ್ಟಿಗೆ, ಸ್ಟ್ಯಾಂಡು, ಇರುವೆ ಹತ್ತದಂತೆ ಅದರ ಕಾಲಿಗಿಡುವ ನೀರಿನ ಬಟ್ಟಲು, ಸಕ್ಕರೆ ಮತ್ತು ಓಡಾಟಕ್ಕೆ. ಓಡಾಟದ್ದೇ ಜಾಸ್ತಿ. ಅದನ್ನು ಮುಚ್ಚಿಟ್ಟು 'ಎಲ್ಲಾ ಜೇನಿಗೇ' ಅನ್ನುವುದಿಲ್ಲ.

ಒಬ್ಬರು ಹೆಜ್ಜೇನು ದತ್ತು ಕೇಳಿದರು. ಅದು ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟಿ, ಕಾಲಕ್ಕೆ ತಕ್ಕಂತೆ ಊರು ಬಿಟ್ಟು ಊರಿಗೆ ಹೋಗುವ ಜಾತಿ, ಪೆಟ್ಟಿಗೆಗೆ ಒಗ್ಗುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡಿ ಅಂದೆ. ಇನ್ನು ಕೆಲವರು ನೂರು ಪೆಟ್ಟಿಗೆ ಮಾಡಿ ಅನ್ನುತ್ತಾರೆ. ಒಂದೇ ಜಾಗದಲ್ಲಿ ಪೆಟ್ಟಿಗೆ ತುಂಬಿದರೆ ಅಲ್ಲಿನ ಕಾಡು ದುಂಬಿ, ಒಂಟಿ ಜೇನುಗಳ ಹೂವಿಗೆ ನಾವೇ ಪೈಪೋಟಿ ತಂದಿಟ್ಟ ಹಾಗೆ. ಅಂಥವರಿಗೆ ಹೂಗಿಡ ನೆಡಿ ಅನ್ನುತ್ತೇನೆ.

ಅಕ್ಕನ ಪೆಟ್ಟಿಗೆಯಲ್ಲಿ ಈಗಿರುವುದು ಮೂರನೇ ಕುಟುಂಬ. ಮೊನ್ನೆ ತೆರೆದಾಗ ಮೊಟ್ಟೆ ಕಾಣಲಿಲ್ಲ, ರಾಣಿಯೂ ಕಾಣಲಿಲ್ಲ. ಎರಿಯ ಅಂಚಿನಲ್ಲಿ ಒಂದೇ ಒಂದು ಮುಚ್ಚಿದ ರಾಣಿ ಕೋಶ ಇತ್ತು. ಹೊಸ ರಾಣಿ ಹುಟ್ಟಿ, ಹಾರಿ, ಗಂಡುಜೇನು ಕೂಡಿ ಬಂದು ಮೊಟ್ಟೆ ಇಡಲು ಹೆಚ್ಚುಕಡಿಮೆ ಮೂರು ವಾರ ಬೇಕು. ಅಲ್ಲಿಯವರೆಗೆ ತೆರೆಯಬಾರದು. ಹಾಗೇ ಬರೆದು ಕಳಿಸಿದೆ, ರಾಣಿ ವಾಪಸ್ ಬರುವಾಗ ಹಕ್ಕಿ ಬಾಯಿಗೆ ಸಿಕ್ಕರೂ ಸಿಗಬಹುದು ಅಂತಲೂ ಸೇರಿಸಿ.

ಇವತ್ತು ಬೆಳಿಗ್ಗೆ ಅವರ ಮೆಸೇಜ್ ಬಂತು: "ಆರು ದಿನ ಆಯ್ತು. ಅಲ್ಲಿ ಮಳೆ ಇಲ್ಲ ತಾನೆ?"