ಕತ್ತಲೆ ಸೀನ್‌ನಲ್ಲಿ ಮಾತ್ರ ಮಿಣುಕುವ ಓಎಲ್‌ಇಡಿ: ನನ್ನ ಅನುಭವ

ನನ್ನದು 27 ಇಂಚಿನ, 240 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 240 ಸಲ ಚಿತ್ರ ಹೊಸದಾಗಿಸಬಲ್ಲ) ಓಎಲ್‌ಇಡಿ ಮಾನಿಟರ್, ಇದರಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ. ವಿಆರ್‌ಆರ್ (ಗೇಮ್‌ನ ಫ್ರೇಮ್ ವೇಗಕ್ಕೆ ತಕ್ಕಂತೆ ಸ್ಕ್ರೀನ್‌ನ ರಿಫ್ರೆಶ್ ವೇಗವನ್ನೂ ಬದಲಿಸುವ ಸೌಲಭ್ಯ) ಆನ್ ಇದ್ದರೂ ಗೇಮ್‌ನ ಬಿಸಿಲಿನ ಸೀನ್‌ಗಳಲ್ಲಿ ಏನೂ ತಕರಾರಿರಲಿಲ್ಲ. ಗುಹೆಯೊಳಗೆ ಹೊಕ್ಕರೆ ಮಾತ್ರ ಗೋಡೆಯ ಬೂದು ಬಣ್ಣ ಪಟಪಟ ಮಿಣುಕುತ್ತಿತ್ತು. ಲೋಡಿಂಗ್ ಸ್ಕ್ರೀನಂತೂ ಕೇಳಲೇಬೇಡಿ.

ಹೀಗಾದರೆ ಎಲ್ಲರೂ ಮೊದಲು ಹೇಳುವುದು ಕೇಬಲ್ ಬದಲಿಸು ಅಂತ. ಆದರೆ ಕೇಬಲ್ ಕೈಕೊಟ್ಟರೆ ಸಾಮಾನ್ಯವಾಗಿ ಇಡೀ ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ, ಇಲ್ಲ ಚುಕ್ಕಿಗಳು ಕಾಣುತ್ತವೆ. ಬರೀ ಕತ್ತಲೆ ಜಾಗವನ್ನು ಹುಡುಕಿಕೊಂಡು ಮಿಣುಕುವುದಿಲ್ಲ. ವಿಆರ್‌ಆರ್ ಆಫ್ ಮಾಡಿ ಅದೇ ಗುಹೆಗೆ ಹೋದೆ. ಗೋಡೆ ತೆಪ್ಪಗಿತ್ತು. ಅಲ್ಲಿಗೆ ಕಳ್ಳ ಸಿಕ್ಕ.

ಓಎಲ್‌ಇಡಿಯ ಪ್ರತಿ ಪಿಕ್ಸೆಲ್‌ಗೂ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ಪ್ರತಿ ರಿಫ್ರೆಶ್‌ಗೂ ಅದಕ್ಕೆ ಹೊಸ ವೋಲ್ಟೇಜ್ ಸಿಗುತ್ತದೆ, ಮುಂದಿನ ಫ್ರೇಮ್ ಬರುವ ತನಕ ಅದನ್ನು ಹಿಡಿದಿಟ್ಟುಕೊಳ್ಳಬೇಕು. 240 ಹರ್ಟ್ಜ್‌ನಲ್ಲಿ ಅಷ್ಟು ಹೊತ್ತು ಅಂದರೆ 4.2 ಮಿಲಿಸೆಕೆಂಡ್. 60ಕ್ಕೆ ಇಳಿದರೆ 16.7. ಗಾಮಾ, ಅಂದರೆ ಯಾವ ಬಣ್ಣಕ್ಕೆ ಎಷ್ಟು ಬೆಳಕು ಎಂಬ ಲೆಕ್ಕ, ಹೊಂದಿಸಿರುವುದು ಒಂದು ನಿಗದಿತ ವೇಗಕ್ಕೆ, ಹಾಗಾಗಿ ವೇಗ ಬದಲಾದರೆ ಬೆಳಕು ಒಂದು ಚೂರು ಆಚೀಚೆ ಆಗುತ್ತದೆ. ಬಿಳಿ ಬಣ್ಣದಲ್ಲಿ ಆ ಚೂರು ಲೆಕ್ಕಕ್ಕೇ ಇಲ್ಲ. ಕಪ್ಪಿಗೆ ಹತ್ತಿರದ ಬೂದು ಬಣ್ಣದಲ್ಲಿ ಕಣ್ಣಿಗೆ ರಾಚುತ್ತದೆ. ಮೆಲ್ಲಗೆ ಬದಲಾದರೆ ಗೊತ್ತಾಗುವುದೂ ಇಲ್ಲ, ತಟ್ಟನೆ ಹಾರಿದರೆ ಮಿಣುಕು. ಇದು ನನ್ನ ಪೀಸ್‌ನ ದೋಷವಲ್ಲ, ಈ ಬಗೆಯ ಪ್ಯಾನೆಲ್‌ನ ಗುಣ. ವಾರಂಟಿಯಲ್ಲಿ ಬೇರೆ ಪ್ಯಾನೆಲ್ ಹಾಕಿಸಿಕೊಂಡರೂ ಹೋಗುವುದಲ್ಲ.

ಇನ್ನು ವೇಗ ಹಾರುವುದು ಎಲ್ಲಿ ಅಂತ ನೋಡಬೇಕಿತ್ತು. ಮಾನಿಟರ್‌ನ ಸ್ವಂತ ಮೆನುವಿನಲ್ಲಿ ರಿಫ್ರೆಶ್ ರೇಟ್ ತೋರಿಸುವ ಕೌಂಟರ್ ಇದೆ, ಅದನ್ನು ಮೂಲೆಯಲ್ಲಿ ಇಟ್ಟುಕೊಂಡೆ. ಗುಹೆಯ ಬಾಯಲ್ಲಿ 53, 51, 49. ಆಮೇಲೆ ಒಮ್ಮೆಲೇ 94. ಮತ್ತೆ 49. ವಿಆರ್‌ಆರ್‌ನ ಕೆಳಮಿತಿ 48 ಹರ್ಟ್ಜ್. ಗೇಮ್ 47 ಎಫ್‌ಪಿಎಸ್‌ಗೆ (ಸೆಕೆಂಡಿಗೆ 47 ಫ್ರೇಮ್) ಇಳಿದರೆ ಗ್ರಾಫಿಕ್ಸ್ ಡ್ರೈವರ್ ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸುತ್ತದೆ, ಅದಕ್ಕೇ ಆ 94. ಇದಕ್ಕೆ ಎಲ್‌ಎಫ್‌ಸಿ ಎನ್ನುತ್ತಾರೆ. ಚಿತ್ರ ಜರ್ಕ್ ಆಗದಿರಲು ಒಳ್ಳೆಯ ಉಪಾಯವೇ, ಆದರೆ ಗೇಮ್ ಆ ಗೆರೆಯ ಮೇಲೇ ಓಲಾಡುತ್ತಿದ್ದರೆ ಪ್ಯಾನೆಲ್‌ನ ಪಾಡು ನಾಯಿಪಾಡು.

ಹಾಗಾಗಿ ಮಾನಿಟರ್ ಬಿಟ್ಟು ಗೇಮ್ ಕಡೆ ತಿರುಗಿದೆ. ನೆರಳು, ಮಂಜು, ರಿಫ್ಲೆಕ್ಷನ್ ಈ ಮೂರನ್ನು ಒಂದೊಂದು ಮೆಟ್ಟಿಲು ಇಳಿಸಿದೆ. ಅತಿ ಭಾರದ ಜಾಗದಲ್ಲೂ 75 ಎಫ್‌ಪಿಎಸ್‌ಗಿಂತ ಕೆಳಗೆ ಹೋಗದಂತಾಯಿತು. ಆಮೇಲೆ ಆರ್‌ಟಿಎಸ್‌ಎಸ್ ಎಂಬ ಟೂಲ್‌ನಲ್ಲಿ 72ಕ್ಕೆ ಕ್ಯಾಪ್ ಹಾಕಿದೆ, ಅಂದರೆ ಗೇಮ್ ಅದಕ್ಕಿಂತ ಮೇಲೆ ಹೋಗದಂತೆ ಮಿತಿ. ಸರಾಸರಿ ನೋಡಿ ಕ್ಯಾಪ್ ಹಾಕಿದರೆ ಪ್ರಯೋಜನವಿಲ್ಲ, ಗೇಮ್ ಎಲ್ಲಿ ಏದುಸಿರು ಬಿಡುತ್ತದೋ ಅಲ್ಲಿನ ಅಂಕಿ ಮುಖ್ಯ. ಜೊತೆಗೆ ವಿಂಡೋಸ್‌ನಲ್ಲಿ 240 ಬದಲು 120 ಹರ್ಟ್ಜ್ ಇಟ್ಟೆ, ಜಿಗಿದಾಡಲು ಜಾಗವೇ ಕಡಿಮೆಯಾಯಿತು. 240 ಹರ್ಟ್ಜ್‌ಗೆ ದುಡ್ಡು ಕೊಟ್ಟು 72ರಲ್ಲಿ ಆಡುವುದೇ ಅಂತ ಹೊಟ್ಟೆ ಉರಿಯಿತು ನಿಜ. ಆದರೆ ಗುಹೆಯ ಗೋಡೆ ಗೋಡೆಯ ಹಾಗೇ ನಿಂತಿತು.

ಸಿಆರ್‌ಯು ಎಂಬ ಟೂಲ್‌ನಿಂದ ಕೆಳಮಿತಿಯನ್ನೇ ಮೇಲಕ್ಕೆತ್ತುವವರೂ ಇದ್ದಾರೆ. ಮೇಲ್ಮಿತಿ ಕೆಳಮಿತಿಯ ಎರಡರಷ್ಟಾದರೂ ಇರದಿದ್ದರೆ ಎಲ್‌ಎಫ್‌ಸಿ ಕೆಲಸ ಮಾಡುವುದಿಲ್ಲ, ಅದಕ್ಕೇ ನಾನು ಕೈ ಹಾಕಲಿಲ್ಲ. ಇನ್ನು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ (ಎನ್‌ವಿಡಿಯಾದ ವಿಆರ್‌ಆರ್) ಅನ್ನು ಫುಲ್ ಸ್ಕ್ರೀನ್‌ಗೆ ಮಾತ್ರ ಬಿಡಿ. ವಿಂಡೋ ಮೋಡ್‌ಗೂ ಹಾಕಿದರೆ ಕೆಲವೊಮ್ಮೆ ಸುಮ್ನೆ ಡೆಸ್ಕ್‌ಟಾಪ್‌ನಲ್ಲೂ ಮಿಣುಕುತ್ತದೆ.

ಶೂಟರ್ ಗೇಮ್‌ಗಳಿಗೆ ವಿಆರ್‌ಆರ್ ಆಫ್ ಮಾಡಿಬಿಟ್ಟಿದ್ದೇನೆ. 240ರಲ್ಲಿ ಟೇರಿಂಗ್‌ನ (ಎರಡು ಫ್ರೇಮ್ ಅರ್ಧರ್ಧ ಸೇರಿ ಚಿತ್ರ ಹರಿದಂತೆ ಕಾಣುವುದು) ಗೆರೆ ಸ್ಕ್ರೀನ್ ಮೇಲೆ ನಿಲ್ಲುವುದೇ 4 ಮಿಲಿಸೆಕೆಂಡ್, ಅದನ್ನು ಹುಡುಕುತ್ತಾ ಕೂತರೆ ಎದುರಾಳಿ ಹೊಡೆದು ಹೋಗಿರುತ್ತಾನೆ.

ಶೇಡರ್ (ಬೆಳಕು-ನೆರಳು ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವಾಗ ಗೇಮ್ ತಡವರಿಸುವ ಸ್ಟಟರ್‌ಗೆ ಮಾತ್ರ ಕ್ಯಾಪ್ ಮದ್ದಲ್ಲ. ಫ್ರೇಮ್‌ಟೈಮ್ (ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ) ಗ್ರಾಫ್‌ನಲ್ಲಿ ಒಂದು ಮೊನಚು ಎದ್ದಾಗಲೆಲ್ಲ ಒಂದು ಮಿಣುಕು ಗ್ಯಾರಂಟಿ. ಲೋಡಿಂಗ್ ಸ್ಕ್ರೀನ್‌ನದೂ ಇದೇ ಕಥೆ. ಮಾನಿಟರ್ ಹಿಂದೆ ಒಂದು ದೀಪ ಹಚ್ಚಿಟ್ಟರೆ ಕಣ್ಣಿಗೆ ಅಷ್ಟು ಜಾಸ್ತಿ ಕಾಣುವುದಿಲ್ಲ, ನಾನು ಸದ್ಯಕ್ಕೆ ಅಷ್ಟಕ್ಕೇ ಬಿಟ್ಟಿದ್ದೇನೆ.