ದೇಣಿಗೆ ಡಬ್ಬಿ ಮತ್ತು ಸಿಟ್ಟಿನ ಪೋಸ್ಟ್: ಏನು ನೋಡಬೇಕು?

ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ದೇಣಿಗೆ ಡಬ್ಬಿ ಹಿಡಿದವರು ಕಂಡರೆ ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ ಕೇಳಿ. ಅನುಮಾನ ಬಂದರೆ ಅಂಗಡಿ ಮ್ಯಾನೇಜರ್ ಹತ್ತಿರ ವಿಚಾರಿಸಿ, ಅಷ್ಟು ಸಾಕು.

ಆದರೆ ‘ಇವರೆಲ್ಲ ಕಳ್ಳರು’ ಅನ್ನೋ ಪೋಸ್ಟ್ ಬಂದಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಯಾವ ಅಂಗಡಿ, ಯಾವ ದಿನ, ಕಣ್ಣಾರೆ ಕಂಡವರು ಯಾರು ಅನ್ನೋದು ಯಾವುದೂ ಇಲ್ಲದೆ ಬರೀ ‘ಎಲ್ಲರಿಗೂ ಹಂಚಿ’ ಅಂತಿದ್ದರೆ ಅಲ್ಲೇ ನಿಲ್ಲಿಸಿ. ಪೋಸ್ಟಿನ ಫೋಟೋವನ್ನು ಗೂಗಲ್ ಲೆನ್ಸ್‌ಗೆ (ಚಿತ್ರ ಕೊಟ್ಟು ಹುಡುಕುವ ಸೌಲಭ್ಯ) ಹಾಕಿ ನೋಡಿ, ಎಷ್ಟೋ ಸಲ ಅದು ಹಳೇ ಚಿತ್ರ. ಬಿಲ್ ಕೌಂಟರ್‌ನಲ್ಲಿ ನೀವು ಕೊಟ್ಟ ದೇಣಿಗೆ ತೋರಿಸಿ ಅಂಗಡಿ ತೆರಿಗೆ ಉಳಿಸುತ್ತದೆ ಅನ್ನೋ ಮಾತೂ ಹೀಗೇ ಸುತ್ತುತ್ತಿರುತ್ತದೆ. ಅಂಗಡಿ ಆ ಹಣವನ್ನು ಸಂಸ್ಥೆಗೆ ದಾಟಿಸುತ್ತದೆ, ಅದು ಅಂಗಡಿಯ ಆದಾಯವೇ ಅಲ್ಲ, ಹಾಗಾಗಿ ಅದನ್ನು ತೋರಿಸಿ ತೆರಿಗೆ ಉಳಿಸೋಕೆ ಆಗೋದಿಲ್ಲ. ನಿಜಕ್ಕೂ ಮೋಸ ಕಂಡರೆ ಪೊಲೀಸರಿಗೆ ದೂರು ಕೊಡಿ. ಡಬ್ಬಿ ಹಿಡಿದವರ ಮುಖದ ಫೋಟೋ ಮಾತ್ರ ದಯವಿಟ್ಟು ಹಾಕಬೇಡಿ, ಎಷ್ಟೋ ಮಂದಿ ಸಂಬಳವಿಲ್ಲದೆ ಬಂದು ನಿಂತವರು.